ಎನ್‌ಎಫ್‌ಎಸ್ ಕ್ಲೈಂಟಿನ ಮೆಟಾಡೇಟಾ ಕ್ಯಾಶ್: ಅಳೆದು ನೋಡಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಎನ್‌ಎಫ್‌ಎಸ್ ಅಂದರೆ ಸರ್ವರ್ ಅನ್ನುವ ಒಂದು ಮಷಿನ್‌ನಲ್ಲಿರುವ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಮಷಿನ್‌ಗಳು, ಅಂದರೆ ಕ್ಲೈಂಟ್‌ಗಳು, ಬಳಸುವ ವ್ಯವಸ್ಥೆ. ಅದರ ಬಗ್ಗೆ ಎರಡು ದೂರುಗಳು ಪದೇ ಪದೇ ಕಿವಿಗೆ ಬೀಳುತ್ತವೆ. "ಆ ಮಷಿನ್‌ನಲ್ಲಿ ಫೈಲ್ ಬರೆದಾಗಿದೆ, ಈ ಮಷಿನ್‌ನಲ್ಲಿ ಇನ್ನೂ ಕಾಣ್ತಿಲ್ಲ" ಅನ್ನೋದು ಒಂದು. "ಲೋಕಲ್ ಡಿಸ್ಕ್ ಮೇಲೆ ಚುರುಕಾಗಿ ಓಡುವ ಪ್ರೋಗ್ರಾಂ ಎನ್‌ಎಫ್‌ಎಸ್ ಮೇಲೆ ತೆವಳುತ್ತೆ" ಅನ್ನೋದು ಇನ್ನೊಂದು. ಎರಡರ ಬೇರೂ ಒಂದೇ ಕಡೆ ಇದೆ. ಕ್ಲೈಂಟ್ ಮಷಿನ್ ಫೈಲುಗಳ ಬಗ್ಗೆ ತನ್ನ ಹತ್ತಿರ ಇಟ್ಟುಕೊಳ್ಳುವ ಮಾಹಿತಿ, ಅಂದರೆ ಮೆಟಾಡೇಟಾ ಕ್ಯಾಶ್, ಆ ಬೇರು. ಮೊದಲ ದೂರಿನಲ್ಲಿ ಆ ಮಾಹಿತಿ ಹಳೆಯದಾಗಿದೆ. ಎರಡನೆಯದರಲ್ಲಿ ಅದು ಸಾಕಷ್ಟು ಹೊತ್ತು ಉಳಿಯುತ್ತಿಲ್ಲ.

ಮೊದಲ ದೂರು ಬಂದ ತಕ್ಷಣ ಬಹಳ ಜನ ಮೌಂಟ್ (ಸರ್ವರ್‌ನ ಡೈರೆಕ್ಟರಿಯನ್ನು ಕ್ಲೈಂಟಿಗೆ ಜೋಡಿಸುವುದು) ಆಯ್ಕೆಯಲ್ಲಿ 'ನೋಎಸಿ' ಹಾಕಿ ಕ್ಯಾಶನ್ನೇ ಮುಚ್ಚಿಬಿಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಯಾವ ಮಾಹಿತಿ ಎಷ್ಟು ಹೊತ್ತು ಹಳೆಯದಾಗಿದ್ದರೂ ನಮ್ಮ ಕೆಲಸ ನಡೆಯುತ್ತದೆ ಅಂತ ಡೈರೆಕ್ಟರಿವಾರು ತೀರ್ಮಾನಿಸಿ, ನೋವಿರುವ ಜಾಗದಲ್ಲಿ ಮಾತ್ರ ಬಿಗಿ ಮಾಡಿದರೆ ಎರಡೂ ದೂರು ಒಟ್ಟಿಗೆ ತೀರುತ್ತವೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಲಿನಕ್ಸ್ ಕ್ಲೈಂಟನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೇರೆ ಫೈಲ್ ಸಿಸ್ಟಂಗಳ ಮಾತು ಕೊನೆಯಲ್ಲಿದೆ.

ಮೊದಲು ತಿಳಿದಿರಬೇಕಾದ್ದು

ಎನ್‌ಎಫ್‌ಎಸ್ ಹುಟ್ಟಿದ್ದು 1980ರ ದಶಕದಲ್ಲಿ, ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ. ಅದರ 2ನೇ ಆವೃತ್ತಿಯ ವಿವರ 1989ರಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ತಂತ್ರಗಳ ವಿವರದ ದಾಖಲೆ) 1094 ಆಗಿ ಬಂತು, 3ನೇ ಆವೃತ್ತಿಯದು 1995ರಲ್ಲಿ ಆರ್‌ಎಫ್‌ಸಿ 1813 ಆಗಿ. ಈ ಎರಡೂ ಆವೃತ್ತಿಗಳಲ್ಲಿ ಸರ್ವರ್‌ಗೆ ಯಾವ ಕ್ಲೈಂಟ್ ಯಾವ ಫೈಲ್ ನೋಡುತ್ತಿದೆ ಅನ್ನುವ ನೆನಪೇ ಇರುವುದಿಲ್ಲ. ಇದರಿಂದ ಒಂದು ದೊಡ್ಡ ಲಾಭವಿದೆ. ಸರ್ವರ್ ಬಿದ್ದು ಎದ್ದರೂ ಕ್ಲೈಂಟ್ ಸುಮ್ನೆ ಕಾಯ್ದು ಮುಂದುವರಿಯಬಹುದು. ನಷ್ಟವೂ ಇದೆ. ಫೈಲ್ ಬದಲಾದರೆ "ಬದಲಾಯ್ತು ನೋಡಿ" ಅಂತ ಸರ್ವರ್ ಯಾರಿಗೂ ಹೇಳಲಾರದು. ಹೇಳಬೇಕಾದವರ ಪಟ್ಟಿಯೇ ಅದರ ಹತ್ತಿರ ಇಲ್ಲ.

ಹಾಗಾಗಿ ಕ್ಲೈಂಟ್ ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತದೆ. ಒಮ್ಮೆ ಕೇಳಿ ತಿಳಿದದ್ದನ್ನು ಇಷ್ಟು ಸೆಕೆಂಡ್ ನಂಬುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಇದೇ ಹೊತ್ತಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಎಎಫ್‌ಎಸ್ ಅನ್ನುವ ಇನ್ನೊಂದು ನೆಟ್‌ವರ್ಕ್ ಫೈಲ್ ಸಿಸ್ಟಂ ಬೇರೆ ದಾರಿ ಹಿಡಿಯಿತು. ಅಲ್ಲಿ ಸರ್ವರ್ ನೆನಪಿಟ್ಟುಕೊಂಡು, ಬದಲಾವಣೆ ಆದಾಗ ಕ್ಲೈಂಟಿಗೆ ಕರೆ ಮಾಡಿ ತಿಳಿಸುತ್ತದೆ. ಎನ್‌ಎಫ್‌ಎಸ್ 4ನೇ ಆವೃತ್ತಿ ಈ ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿಕೊಂಡಿದೆ.

ಕ್ಲೈಂಟ್ ಇಟ್ಟುಕೊಳ್ಳುವ ಮೆಟಾಡೇಟಾ ನಾಲ್ಕು ಬಗೆಯದು. ಫೈಲಿನ ಗಾತ್ರ, ಸಮಯ, ಮಾಲೀಕ, ಅನುಮತಿ ಇತ್ಯಾದಿ ಅಟ್ರಿಬ್ಯೂಟುಗಳು ಒಂದು. ಈ ಡೈರೆಕ್ಟರಿಯಲ್ಲಿ ಈ ಹೆಸರು ಅಂದರೆ ಈ ಫೈಲ್ ಅನ್ನುವ ಹೆಸರಿನ ನಂಟು ಎರಡನೆಯದು. "ಈ ಹೆಸರಿನ ಫೈಲ್ ಇಲ್ಲ" ಅನ್ನುವ ಉತ್ತರವೂ ಇದರಲ್ಲಿ ಸೇರುತ್ತದೆ, ಅದನ್ನು ಮರೆಯಬೇಡಿ. ಡೈರೆಕ್ಟರಿಯ ಪೂರ್ತಿ ಪಟ್ಟಿ ಮೂರನೆಯದು. ಈ ಬಳಕೆದಾರನಿಗೆ ಇದನ್ನು ಓದುವ, ಬರೆಯುವ ಹಕ್ಕಿದೆಯೇ ಅನ್ನುವ ಅನುಮತಿಯ ಉತ್ತರ ನಾಲ್ಕನೆಯದು.

ಹಂತ 1: ಹಳೆಯ ಮಾಹಿತಿಯನ್ನು ಕಣ್ಣಾರೆ ನೋಡಿ

ಏನನ್ನೂ ಬದಲಾಯಿಸುವ ಮೊದಲು ಈ ಪ್ರಯೋಗ ಮಾಡಿ. ಹತ್ತು ನಿಮಿಷ ಸಾಕು, ಮುಂದಿನದೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಎರಡು ಮಷಿನ್‌ಗಳಲ್ಲಿ ಒಂದೇ ಎನ್‌ಎಫ್‌ಎಸ್ ಡೈರೆಕ್ಟರಿಯನ್ನು ಮೌಂಟ್ ಮಾಡಿ. ಒಂದನ್ನು 'ಬರೆಯುವವ' ಅನ್ನೋಣ, ಇನ್ನೊಂದನ್ನು 'ಓದುವವ'.

ಒಂದು ಪುಟ್ಟ ಟೆಕ್ಸ್ಟ್ ಫೈಲ್ ಮಾಡಿಟ್ಟುಕೊಳ್ಳಿ. ಓದುವವನಲ್ಲಿ ಅದರ ಮೇಲೆ 'ಸ್ಟ್ಯಾಟ್' (ಫೈಲಿನ ಗಾತ್ರ, ಸಮಯ ತೋರಿಸುವ) ಕಮಾಂಡನ್ನು ಸೆಕೆಂಡಿಗೊಮ್ಮೆ ಓಡುವಂತೆ ಲೂಪ್‌ನಲ್ಲಿ ಹಾಕಿ, ಎರಡು ಮೂರು ನಿಮಿಷ ಹಾಗೇ ಬಿಡಿ. ಈಗ ಬರೆಯುವವನಲ್ಲಿ ಆ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿ. ಓದುವವನಲ್ಲಿ ಗಾತ್ರ ತಕ್ಷಣ ಬದಲಾಗುವುದಿಲ್ಲ. ಕೆಲವು ಸೆಕೆಂಡುಗಳಿಂದ ಹಿಡಿದು ಒಂದು ನಿಮಿಷದ ತನಕ ಹಳೆಯ ಗಾತ್ರವೇ ಕಾಣಬಹುದು. ಹಾಗೆ ಕಾಣುತ್ತಿರುವಾಗಲೇ ಇನ್ನೊಂದು ವಿಂಡೋದಲ್ಲಿ 'ಕ್ಯಾಟ್' ಮಾಡಿ ಅದೇ ಫೈಲನ್ನು ಓದಿ. ಹೊಸ ಸಾಲು ಬರುತ್ತದೆ! ಆ ಕ್ಷಣದಿಂದ ಸ್ಟ್ಯಾಟ್ ಕೂಡ ಹೊಸ ಗಾತ್ರ ತೋರಿಸುತ್ತದೆ.

ಯಾಕೆ ಹೀಗೆ? ಸ್ಟ್ಯಾಟ್ ಬರೀ ಕ್ಯಾಶನ್ನು ನಂಬಿತು. ಕ್ಯಾಟ್ ಫೈಲನ್ನು ತೆರೆಯಿತು. ಎನ್‌ಎಫ್‌ಎಸ್ ಕ್ಲೈಂಟ್ ಫೈಲ್ ತೆರೆಯುವ ಪ್ರತಿ ಸಲವೂ ಸರ್ವರ್‌ಗೆ 'ಗೆಟ್‌ಅಟ್ರ್' ಕರೆ ಕಳಿಸಿ ಫೈಲ್ ಬದಲಾಗಿದೆಯೇ ಅಂತ ಕೇಳುತ್ತದೆ. ಫೈಲ್ ಮುಚ್ಚುವಾಗ ಬರೆದದ್ದನ್ನೆಲ್ಲ ಸರ್ವರ್‌ಗೆ ಕಳಿಸಿ ಮುಗಿಸುತ್ತದೆ. ಇದಕ್ಕೆ ಕ್ಲೋಸ್-ಟು-ಓಪನ್ ನಿಯಮ ಅಂತ ಹೆಸರು. ಒಬ್ಬ ಮುಚ್ಚಿದ ಮೇಲೆ ಇನ್ನೊಬ್ಬ ತೆರೆದರೆ ಹೊಸದೇ ಸಿಗುತ್ತದೆ. ಎನ್‌ಎಫ್‌ಎಸ್ ಕೊಡುವ ಭರವಸೆ ಇಷ್ಟೇ.

ಈಗ ಪ್ರಯೋಗದ ಎರಡನೇ ಭಾಗ. ಓದುವವನಲ್ಲಿ ಇಲ್ಲದ ಒಂದು ಹೆಸರಿನ ಮೇಲೆ ಸ್ಟ್ಯಾಟ್ ಮಾಡಿ. "ಅಂಥ ಫೈಲ್ ಇಲ್ಲ" ಅಂತ ಬರುತ್ತದೆ. ಬರೆಯುವವನಲ್ಲಿ ಅದೇ ಹೆಸರಿನ ಫೈಲ್ ಸೃಷ್ಟಿಸಿ. ಓದುವವನಲ್ಲಿ ಮತ್ತೆ ಸ್ಟ್ಯಾಟ್ ಮಾಡಿದರೆ ಇನ್ನೂ "ಇಲ್ಲ" ಅನ್ನುವ ಉತ್ತರವೇ ಬರಬಹುದು. ಕ್ಯಾಟ್ ಮಾಡಿದರೂ ಅಷ್ಟೇ. ಆದರೆ 'ಎಲ್‌ಎಸ್' ಕಮಾಂಡ್‌ನಿಂದ ಆ ಡೈರೆಕ್ಟರಿಯ ಪಟ್ಟಿ ನೋಡಿದ ತಕ್ಷಣ ಫೈಲ್ ಕಾಣಿಸುತ್ತದೆ. ಆಮೇಲೆ ಸ್ಟ್ಯಾಟ್‌ಗೂ ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲೇ. ಕ್ಲೋಸ್-ಟು-ಓಪನ್ ಭರವಸೆ ಇರುವುದು ಗೊತ್ತಿರುವ ಫೈಲಿಗೆ. ಹೆಸರೇ ಇಲ್ಲ ಅಂತ ಕ್ಲೈಂಟ್ ನಂಬಿದ್ದರೆ ತೆರೆಯುವುದಕ್ಕೆ ಏನಿದೆ? ಆ ನಂಬಿಕೆ ಮುರಿಯಬೇಕಾದರೆ ಡೈರೆಕ್ಟರಿ ಬದಲಾಗಿದೆ ಅಂತ ಕ್ಲೈಂಟಿಗೆ ಗೊತ್ತಾಗಬೇಕು. ಎಲ್‌ಎಸ್ ಡೈರೆಕ್ಟರಿಯನ್ನೇ ತೆರೆಯುತ್ತದೆ, ಹಾಗಾಗಿ ಡೈರೆಕ್ಟರಿಯ ಹೊಸ ಅಟ್ರಿಬ್ಯೂಟು ಬರುತ್ತದೆ, ಹಳೆಯ "ಇಲ್ಲ"ಗಳೆಲ್ಲ ಬಿದ್ದುಹೋಗುತ್ತವೆ.

ಹಂತ 2: ಈಗಿರುವ ಸೆಟ್ಟಿಂಗ್ ಓದಿ

'ಎನ್‌ಎಫ್‌ಎಸ್‌ಸ್ಟ್ಯಾಟ್' ಕಮಾಂಡನ್ನು 'ಎಂ' ಆಯ್ಕೆಯ ಜೊತೆ ಓಡಿಸಿದರೆ ಪ್ರತಿ ಮೌಂಟಿನ ಆಯ್ಕೆಗಳು ಕಾಣುತ್ತವೆ. ನಮಗೆ ಬೇಕಾದ ನಾಲ್ಕು ಸಂಖ್ಯೆಗಳು ಇವು: ಎಸಿರೆಗ್‌ಮಿನ್, ಎಸಿರೆಗ್‌ಮ್ಯಾಕ್ಸ್, ಎಸಿಡಿರ್‌ಮಿನ್, ಎಸಿಡಿರ್‌ಮ್ಯಾಕ್ಸ್. 'ರೆಗ್' ಇರುವವು ಸಾಮಾನ್ಯ ಫೈಲಿಗೆ, 'ಡಿರ್' ಇರುವವು ಡೈರೆಕ್ಟರಿಗೆ. ಲಿನಕ್ಸಿನಲ್ಲಿ ಡೀಫಾಲ್ಟ್ ಬೆಲೆ ಕ್ರಮವಾಗಿ 3, 60, 30, 60 ಸೆಕೆಂಡ್. ಈ ಸಂಖ್ಯೆಗಳು ಪಟ್ಟಿಯಲ್ಲಿ ಕಾಣದಿದ್ದರೆ ಡೀಫಾಲ್ಟ್‌ನಲ್ಲೇ ಇವೆ ಅಂತ ತಿಳಿಯಿರಿ.

ಕಡಿಮೆ, ಹೆಚ್ಚು ಅಂತ ಎರಡು ಬೆಲೆ ಯಾಕೆ? ಕ್ಲೈಂಟ್ ಫೈಲಿನ ನಡವಳಿಕೆ ನೋಡಿ ಅವಧಿಯನ್ನು ಹೊಂದಿಸಿಕೊಳ್ಳುತ್ತದೆ. ಮೊದಲು 3 ಸೆಕೆಂಡ್ ನಂಬುತ್ತದೆ. ಮತ್ತೆ ಕೇಳಿದಾಗ ಏನೂ ಬದಲಾಗಿಲ್ಲ ಅಂದರೆ ಅವಧಿ ದುಪ್ಪಟ್ಟಾಗುತ್ತದೆ: 6, 12, 24, 48, ಕೊನೆಗೆ 60. ಬದಲಾಗಿದ್ದರೆ ಮತ್ತೆ 3ಕ್ಕೆ ಇಳಿಯುತ್ತದೆ. ಬಹಳ ದಿನ ಸುಮ್ಮನಿದ್ದ ಫೈಲ್ ಇದ್ದಕ್ಕಿದ್ದಂತೆ ಬದಲಾದಾಗಲೇ ಜಾಸ್ತಿ ಹೊತ್ತು ಹಳೆಯದು ಕಾಣುವುದು ಇದರಿಂದ. ದಿನಕ್ಕೊಮ್ಮೆ ಬದಲಾಗುವ ಕಾನ್ಫಿಗ್ ಫೈಲ್ ಇದಕ್ಕೆ ಒಳ್ಳೆಯ ಉದಾಹರಣೆ. ಹಂತ 1ರ ಲೂಪನ್ನು ಎರಡು ಮೂರು ನಿಮಿಷ ಬಿಡಿ ಅಂದಿದ್ದೂ ಇದಕ್ಕೇ.

ನಾಲ್ಕಕ್ಕೂ ಒಂದೇ ಬೆಲೆ ಬೇಕಾದರೆ 'ಆಕ್ಟಿಮಿಯೋ' ಆಯ್ಕೆ ಇದೆ. ಹೆಸರುಗಳ ಕ್ಯಾಶಿಗೆ 'ಲುಕಪ್‌ಕ್ಯಾಶ್' ಅನ್ನುವ ಬೇರೆ ಆಯ್ಕೆ. ಅದರ ಬೆಲೆ 'ಆಲ್', 'ಪಾಸಿಟಿವ್' ಅಥವಾ 'ನನ್' (ಯಾವುದೂ ಬೇಡ). ಡೀಫಾಲ್ಟ್ ಆಲ್, ಅಂದರೆ ಇರುವ ಹೆಸರೂ ಇಲ್ಲದ ಹೆಸರೂ ಎರಡೂ ಕ್ಯಾಶ್ ಆಗುತ್ತವೆ.

ಹಂತ 3: ಎಷ್ಟು ಕರೆ ಹೋಗುತ್ತಿದೆ, ಎಣಿಸಿ

ಸುಮ್ನೆ ಊಹಿಸಿ ಸೆಟ್ಟಿಂಗ್ ತಿರುಗಿಸುವುದರಲ್ಲಿ ಅರ್ಥವಿಲ್ಲ. '/ಪ್ರಾಕ್/ಸೆಲ್ಫ್/ಮೌಂಟ್‌ಸ್ಟ್ಯಾಟ್ಸ್' ಫೈಲಿನಲ್ಲಿ ಪ್ರತಿ ಮೌಂಟಿಗೂ ಪ್ರತಿ ಬಗೆಯ ಕರೆಗೂ ಬೇರೆ ಬೇರೆ ಎಣಿಕೆ ಇರುತ್ತದೆ. ನಿಮ್ಮ ಕೆಲಸ ಶುರು ಮಾಡುವ ಮೊದಲು ಅದರ ಒಂದು ಪ್ರತಿ ತೆಗೆದಿಡಿ. ಕೆಲಸ ಮುಗಿದ ಮೇಲೆ ಇನ್ನೊಂದು ಪ್ರತಿ ತೆಗೆಯಿರಿ. ವ್ಯತ್ಯಾಸ ನೋಡಿ. 'ಮೌಂಟ್‌ಸ್ಟ್ಯಾಟ್ಸ್' ಅನ್ನುವ ಕಮಾಂಡ್ ಇದನ್ನೇ ಓದಲು ಸುಲಭವಾಗುವಂತೆ ತೋರಿಸುತ್ತದೆ.

ಗೆಟ್‌ಅಟ್ರ್, ಲುಕಪ್, ಆಕ್ಸೆಸ್, ರೀಡ್‌ಡಿರ್, ರೀಡ್‌ಡಿರ್‌ಪ್ಲಸ್: ಇವು ಮೆಟಾಡೇಟಾ ಕರೆಗಳು. ರೀಡ್ ಮತ್ತು ರೈಟ್ ಡೇಟಾ ಕರೆಗಳು. ಮೆಟಾಡೇಟಾ ಕರೆಗಳೇ ಹೆಚ್ಚಿನ ಪಾಲು ಇದ್ದರೆ ನಿಮ್ಮ ನಿಧಾನಕ್ಕೆ ಕಾರಣ ನೆಟ್‌ವರ್ಕಿನ ಅಗಲ ಅಲ್ಲ, ಹೋಗಿ ಬರುವ ಸಮಯ. ಲೆಕ್ಕ ನೋಡಿ. ಒಂದು ಕರೆ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಅಂದುಕೊಳ್ಳಿ. ಒಂದಾದ ಮೇಲೊಂದರಂತೆ 10,000 ಗೆಟ್‌ಅಟ್ರ್ ಕರೆಗಳಿಗೆ 5 ಸೆಕೆಂಡ್. ಅದೇ ಸರ್ವರ್ 20 ಮಿಲಿಸೆಕೆಂಡ್ ದೂರದಲ್ಲಿದ್ದರೆ 200 ಸೆಕೆಂಡ್, ಅಂದರೆ ಮೂರು ನಿಮಿಷಕ್ಕೂ ಜಾಸ್ತಿ. ಪ್ರತಿ ಕರೆಯಲ್ಲಿ ಹೋಗುವುದು ಕೆಲವು ನೂರು ಬೈಟ್ ಮಾತ್ರ. ಲಿಂಕ್ 1 ಗಿಗಾಬಿಟ್‌ನಿಂದ 10 ಗಿಗಾಬಿಟ್‌ಗೆ ಏರಿಸಿದರೂ ಈ 200 ಸೆಕೆಂಡ್ ಹಾಗೇ ಇರುತ್ತದೆ. ಹೊಸ ಸ್ವಿಚ್ ಕೊಳ್ಳುವ ಮೊದಲು ಈ ಎಣಿಕೆ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಣಿಸುವಾಗ ಒಂದು ಎಚ್ಚರ. ಎರಡನೇ ಸಲ ಓಡಿಸಿದಾಗ ಕ್ಯಾಶ್ ಆಗಲೇ ತುಂಬಿರುತ್ತದೆ, ಎಣಿಕೆ ಕಡಿಮೆ ಬರುತ್ತದೆ. ಖಾಲಿ ಕ್ಯಾಶಿನಿಂದ ಅಳೆಯಬೇಕಾದರೆ ರೂಟ್ ಆಗಿ '/ಪ್ರಾಕ್/ಸಿಸ್/ವಿಎಂ/ಡ್ರಾಪ್_ಕ್ಯಾಶಸ್' ಫೈಲಿಗೆ 2 ಅಂತ ಬರೆಯಿರಿ. ಹೆಸರು ಮತ್ತು ಐನೋಡ್ (ಪ್ರತಿ ಫೈಲಿನ ಅಟ್ರಿಬ್ಯೂಟು ಇಡುವ ದಾಖಲೆ) ಕ್ಯಾಶ್ ಖಾಲಿಯಾಗುತ್ತದೆ. 3 ಬರೆದರೆ ಡೇಟಾ ಕ್ಯಾಶ್ ಕೂಡ ಹೋಗುತ್ತದೆ. ಇದು ಅಳತೆಗೆ ಮಾತ್ರ ಇರುವ ಉಪಾಯ. ಕೆಲವು ಕಡೆ ಇದನ್ನು ಕ್ರಾನ್‌ನಲ್ಲಿ ಹಾಕಿ ಗಂಟೆಗೊಮ್ಮೆ ಓಡಿಸುತ್ತಾರೆ. ಅದರಿಂದ ಇಡೀ ಮಷಿನ್ ಪದೇ ಪದೇ ತಣ್ಣಗಾಗಿ ಮೊದಲಿನಿಂದ ಕ್ಯಾಶ್ ತುಂಬಿಕೊಳ್ಳಬೇಕಾಗುತ್ತದೆ.

ಹಂತ 4: ಡೇಟಾವನ್ನು ಗುಂಪು ಮಾಡಿ, ಗುಂಪಿಗೊಂದು ಮೌಂಟ್

ಈಗ ನಿಮ್ಮ ಡೈರೆಕ್ಟರಿಗಳ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇನ್ನೊಂದು ಮಷಿನ್ ಮಾಡಿದ ಬದಲಾವಣೆ ಇಲ್ಲಿ ಎಷ್ಟು ಸೆಕೆಂಡ್ ತಡವಾಗಿ ಕಂಡರೆ ತೊಂದರೆಯಾಗುತ್ತದೆ?

ಸಾಫ್ಟ್‌ವೇರ್, ಲೈಬ್ರರಿ, ತಯಾರಾದ ಡೇಟಾಸೆಟ್‌ಗಳಿಗೆ ಉತ್ತರ "ಹತ್ತು ನಿಮಿಷ ಆದರೂ ಪರವಾಗಿಲ್ಲ" ಅಂತ ಇರುತ್ತದೆ. ಅಲ್ಲಿ ಆಕ್ಟಿಮಿಯೋ 600 ಇಡಿ, ಓದಲು ಮಾತ್ರ ಅಂತ ಮೌಂಟ್ ಮಾಡಿ. ಇನ್ನೂ ವೇಗ ಬೇಕಾದರೆ 'ನೋಸಿಟಿಓ' ಸೇರಿಸಬಹುದು. ಆಗ ಫೈಲ್ ತೆರೆಯುವಾಗಿನ ಗೆಟ್‌ಅಟ್ರ್ ಕರೆಯೂ ತಪ್ಪುತ್ತದೆ. ಸಾವಿರಾರು ಪುಟ್ಟ ಫೈಲು ತೆರೆಯುವ ಪ್ರೋಗ್ರಾಂಗಳಿಗೆ ಇದರಿಂದ ದೊಡ್ಡ ಲಾಭ. ಆದರೆ ಯಾರೋ ಬರೆಯುತ್ತಿರುವ ಡೈರೆಕ್ಟರಿಗೆ ನೋಸಿಟಿಓ ಖಂಡಿತ ಬೇಡ. ಇರುವ ಒಂದೇ ಭರವಸೆಯನ್ನು ಅದು ತೆಗೆದುಹಾಕುತ್ತದೆ. ಇಂಥ ಮೌಂಟಿನಲ್ಲಿ ಹೊಸ ಆವೃತ್ತಿ ಹಾಕುವಾಗ ಹಳೆಯ ಫೈಲಿನ ಮೇಲೆ ಬರೆಯದೆ, ಹೊಸ ಹೆಸರಿನ ಡೈರೆಕ್ಟರಿಯಲ್ಲೇ ಹಾಕಿ. ಹೊಸ ಹೆಸರಿಗೆ ಹಳೆಯ ಕ್ಯಾಶ್ ಇರುವುದಿಲ್ಲ.

ಹೋಮ್ ಡೈರೆಕ್ಟರಿಗಳನ್ನು ಡೀಫಾಲ್ಟ್‌ನಲ್ಲೇ ಬಿಡಿ.

ಹಲವು ಮಷಿನ್‌ಗಳು ಕೆಲಸ ಹಂಚಿಕೊಳ್ಳುವ ಕ್ಯೂ, ಸ್ಪೂಲ್ ಥರದ ಡೈರೆಕ್ಟರಿಗೆ ಬಿಗಿ ಬೇಕು. ಅಲ್ಲಿ ಎಸಿರೆಗ್ ಮತ್ತು ಎಸಿಡಿರ್ ಎರಡಕ್ಕೂ ಮಿನ್ 1, ಮ್ಯಾಕ್ಸ್ 3, ಜೊತೆಗೆ ಲುಕಪ್‌ಕ್ಯಾಶ್ ಪಾಸಿಟಿವ್ ಹಾಕಿ ನೋಡಿ. ಪಾಸಿಟಿವ್ ಅಂದರೆ ಇರುವ ಹೆಸರು ಕ್ಯಾಶ್ ಆಗುತ್ತದೆ, "ಇಲ್ಲ" ಅನ್ನುವುದನ್ನು ಪ್ರತಿ ಸಲವೂ ಸರ್ವರ್‌ಗೇ ಕೇಳುತ್ತದೆ. "ಇನ್ನೂ ಕಾಣ್ತಿಲ್ಲ" ಅನ್ನುವ ದೂರುಗಳಲ್ಲಿ ಬಹುಪಾಲು ಇಷ್ಟಕ್ಕೇ ನಿಲ್ಲುತ್ತವೆ.

ಆದರೆ ಇದೇ ಪಾಸಿಟಿವ್ ಆಯ್ಕೆಯನ್ನು ಸಾಫ್ಟ್‌ವೇರ್ ಇರುವ ಮೌಂಟಿಗೆ ಹಾಕಿದರೆ ಬೇರೆಯದೇ ಕಷ್ಟ. ಪೈಥಾನ್ ಒಂದು ಮಾಡ್ಯೂಲ್ ಹುಡುಕುವಾಗ, ಲಿಂಕರ್ ಒಂದು ಲೈಬ್ರರಿ ಹುಡುಕುವಾಗ, ಕಂಪೈಲರ್ ಒಂದು ಹೆಡರ್ ಹುಡುಕುವಾಗ ಹಲವು ಡೈರೆಕ್ಟರಿಗಳಲ್ಲಿ ಒಂದಾದ ಮೇಲೊಂದು ಹೆಸರು ಹಾಕಿ ನೋಡುತ್ತವೆ. ಹೆಚ್ಚಿನವು ಇರುವುದಿಲ್ಲ. ಆ "ಇಲ್ಲ"ಗಳು ಕ್ಯಾಶ್‌ನಲ್ಲಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಪ್ರತಿಯೊಂದೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಒಂದು ಕಡೆ ತೊಂದರೆ ಕೊಡುವ ಕ್ಯಾಶೇ ಇನ್ನೊಂದು ಕಡೆ ಕೆಲಸ ಉಳಿಸುತ್ತದೆ. ಅದಕ್ಕೇ ಗುಂಪಿಗೊಂದು ಮೌಂಟ್ ಅಂದಿದ್ದು.

ಇನ್ನು ನೋಎಸಿ. ಅದು ಆಕ್ಟಿಮಿಯೋ 0ಕ್ಕೆ ಸಮ ಅಂತ ಹಲವರು ತಿಳಿದಿದ್ದಾರೆ. ಅಷ್ಟೇ ಅಲ್ಲ. ಅಟ್ರಿಬ್ಯೂಟ್ ಕ್ಯಾಶ್ ಮುಚ್ಚುವುದರ ಜೊತೆಗೆ ಅದು ಬರೆಯುವಿಕೆಯನ್ನೂ ಸಿಂಕ್ ಮಾಡಿಬಿಡುತ್ತದೆ. ಪ್ರೋಗ್ರಾಂ ಬರೆದ ಪ್ರತಿ ತುಣುಕೂ ಸರ್ವರ್ ತಲುಪಿ ಉತ್ತರ ಬರುವ ತನಕ ಕಾಯಬೇಕು. ಇಷ್ಟು ಬೆಲೆ ತೆತ್ತರೂ ಪೂರ್ತಿ ಭರವಸೆ ಸಿಗುವುದಿಲ್ಲ. ಉತ್ತರ ಬಂದ ಮರುಕ್ಷಣವೇ ಇನ್ನೊಬ್ಬ ಫೈಲ್ ಬದಲಾಯಿಸಬಹುದಲ್ವಾ? ಹಂಚಿಕೊಂಡ ಫೈಲಿಗೆ ನಿಜವಾದ ಭದ್ರತೆ ಬೇಕಾದರೆ ದಾರಿ ಲಾಕ್, ಅದು ಮುಂದಿನ ಹಂತದಲ್ಲಿದೆ.

ಆಯ್ಕೆ ಬದಲಾಯಿಸುವಾಗ 'ರಿಮೌಂಟ್' ಮೇಲೆ ನಂಬಿಕೆ ಇಡಬೇಡಿ. ಈ ಎನ್‌ಎಫ್‌ಎಸ್ ಆಯ್ಕೆಗಳು ರಿಮೌಂಟ್‌ನಲ್ಲಿ ಬದಲಾಗುವುದಿಲ್ಲ. ಅನ್‌ಮೌಂಟ್ ಮಾಡಿ ಹೊಸದಾಗಿ ಮೌಂಟ್ ಮಾಡಿ, ಆಮೇಲೆ ಹಂತ 2ರ ಕಮಾಂಡ್‌ನಿಂದ ಸರಿಯಾಗಿ ಕೂತಿದೆಯೇ ನೋಡಿ. '/ಇಟಿಸಿ/ಎಫ್‌ಎಸ್‌ಟ್ಯಾಬ್' ಫೈಲಿನಲ್ಲೂ ಬರೆದಿಡಿ.

ಹಂತ 5: ಪ್ರೋಗ್ರಾಂನಲ್ಲೇ ಸರಿ ಮಾಡಿ

ಮೌಂಟ್ ಆಯ್ಕೆ ಎಲ್ಲರಿಗೂ ಅನ್ವಯಿಸುತ್ತದೆ. ಹೊಸ ಮಾಹಿತಿ ಬೇಕಾಗಿರುವುದು ಒಂದೇ ಪ್ರೋಗ್ರಾಂಗೆ ಆದರೆ ಅದನ್ನು ಅಲ್ಲೇ ಬಗೆಹರಿಸುವುದು ಒಳ್ಳೆಯದು. ಕೋಡ್ ನಿಮ್ಮ ಕೈಯಲ್ಲಿದ್ದರೆ ಹಂತ 4ಕ್ಕಿಂತ ಮೊದಲು ಇದನ್ನೇ ಮಾಡಿ ಅನ್ನುತ್ತೇನೆ.

ಬರೆಯುವ ಕಡೆಯಿಂದ ಶುರು ಮಾಡೋಣ. ಫೈಲನ್ನು ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ. ಮುಚ್ಚಿ. ಮುಚ್ಚುವ ಕರೆ ಕೊಡುವ ಉತ್ತರವನ್ನು ಪರೀಕ್ಷಿಸಿ, ಯಾಕೆಂದರೆ ಸರ್ವರ್‌ನಲ್ಲಿ ಜಾಗ ಮುಗಿದಂಥ ದೋಷಗಳು ಎನ್‌ಎಫ್‌ಎಸ್‌ನಲ್ಲಿ ಮುಚ್ಚುವಾಗಲೇ ಗೊತ್ತಾಗಬಹುದು. ಆಮೇಲೆ ನಿಜವಾದ ಹೆಸರಿಗೆ ರೀನೇಮ್ ಮಾಡಿ. ಇದೆಲ್ಲ ಮುಗಿದ ಮೇಲೆಯೇ "ಫೈಲ್ ಸಿದ್ಧ" ಅಂತ ಇನ್ನೊಂದು ಮಷಿನ್‌ಗೆ ಸುದ್ದಿ ಕಳಿಸಿ. ಮುಚ್ಚುವ ಮೊದಲೇ ಸುದ್ದಿ ಕಳಿಸಿದರೆ ಕ್ಲೋಸ್-ಟು-ಓಪನ್ ನಿಯಮದ 'ಕ್ಲೋಸ್' ಭಾಗವೇ ಆಗಿರುವುದಿಲ್ಲ.

ಓದುವ ಕಡೆ, ಫೈಲ್ ಬದಲಾಗಿದೆಯೇ ಅಂತ ಸ್ಟ್ಯಾಟ್ ಮಾಡಿ ನೋಡುವ ಬದಲು ಫೈಲನ್ನು ತೆರೆದು, ತೆರೆದ ಹಿಡಿಕೆಯ ಮೇಲೆ 'ಎಫ್‌ಸ್ಟ್ಯಾಟ್' ಮಾಡಿ. ತೆರೆದ ಕ್ಷಣಕ್ಕೆ ಹೊಸ ಉತ್ತರ ಸಿಗುತ್ತದೆ. ಲಿನಕ್ಸಿನ 'ಸ್ಟ್ಯಾಟ್‌ಎಕ್ಸ್' ಕರೆಯಲ್ಲಿ ಸರ್ವರ್‌ನಿಂದಲೇ ತಾ ಅಂತ ಒತ್ತಾಯಿಸುವ ಫ್ಲ್ಯಾಗ್ ಕೂಡ ಇದೆ. ಹೊಸ ಸ್ಟ್ಯಾಟ್ ಕಮಾಂಡ್‌ನಲ್ಲಿ 'ಕ್ಯಾಶ್ಡ್' ಆಯ್ಕೆಗೆ 'ನೆವರ್' ಕೊಟ್ಟರೆ ಅದೇ ಕೆಲಸ ಆಗುತ್ತದೆ. ಆದರೆ ಇದು ಇರುವ ಫೈಲಿನ ಅಟ್ರಿಬ್ಯೂಟಿಗೆ ಮಾತ್ರ ಸಹಾಯಕ್ಕೆ ಬರುತ್ತದೆ, ಇಲ್ಲ ಅಂತ ನಂಬಿದ ಹೆಸರಿಗೆ ಅಲ್ಲ.

ಹೆಸರು ಹುಟ್ಟುವುದನ್ನೇ ಕಾಯುವ ಪ್ರೋಗ್ರಾಂ ಇದೆಯಾ? "ಮುಗಿದಿದೆ" ಅನ್ನುವ ಫೈಲ್ ಬಂತಾ ಬಂತಾ ಅಂತ ಸೆಕೆಂಡಿಗೊಮ್ಮೆ ಕೇಳುವಂಥದ್ದು? ಅದು ಡೈರೆಕ್ಟರಿಯ ಕ್ಯಾಶ್ ಅವಧಿ ಮುಗಿಯುವ ತನಕ ಪ್ರತಿ ಸಲ ಕೇಳಿದಾಗಲೂ ಕ್ಯಾಶ್‌ನಲ್ಲಿರುವ "ಇಲ್ಲ" ಉತ್ತರವನ್ನೇ ಪಡೆಯುತ್ತಿರುತ್ತದೆ. ಎರಡು ಪರಿಹಾರಗಳಿವೆ. ಕೇಳುವ ಮೊದಲು ಡೈರೆಕ್ಟರಿಯನ್ನು ತೆರೆದು ಪಟ್ಟಿ ಓದಿ. ಇಲ್ಲವೇ, ನನಗೆ ಹೆಚ್ಚು ಇಷ್ಟವಾದದ್ದು ಇದು: ಸ್ಥಿತಿಯ ಫೈಲನ್ನು ಮೊದಲೇ ಸೃಷ್ಟಿಸಿಟ್ಟು ಅದರ ಒಳಗಿನ ಮಾತನ್ನು "ನಡೆಯುತ್ತಿದೆ"ಯಿಂದ "ಮುಗಿಯಿತು"ಗೆ ಬದಲಾಯಿಸಿ. ಇರುವ ಫೈಲನ್ನು ತೆರೆದು ಓದಿದರೆ ಹೊಸದು ಸಿಗುತ್ತದೆ, ಯಾವ ವಿಶೇಷ ಸೆಟ್ಟಿಂಗೂ ಬೇಡ.

'ಐನೋಟಿಫೈ' ನಂಬಿಕೊಂಡ ಪ್ರೋಗ್ರಾಂಗಳು ಇಲ್ಲಿ ಕೆಲಸ ಮಾಡುವುದಿಲ್ಲ. ಅದು ಈ ಮಷಿನ್‌ನಲ್ಲೇ ಆದ ಬದಲಾವಣೆಗಳನ್ನು ಮಾತ್ರ ತಿಳಿಸುತ್ತದೆ. ಇನ್ನೊಂದು ಕ್ಲೈಂಟ್ ಮಾಡಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕ್ಯಾಶ್ ಅವಧಿ ಎಷ್ಟೇ ಇಳಿಸಿದರೂ ಇದು ಸರಿಯಾಗದು.

ಒಂದೇ ಫೈಲನ್ನು ಎರಡು ಮೂರು ಮಷಿನ್‌ಗಳು ಓದಿ ತಿದ್ದಬೇಕಾದರೆ 'ಎಫ್‌ಸಿಎನ್‌ಟಿಎಲ್' ಲಾಕ್ ಬಳಸಿ. ಲಾಕ್ ಸಿಕ್ಕಾಗ ಕ್ಲೈಂಟ್ ತನ್ನ ಕ್ಯಾಶನ್ನು ಸರ್ವರ್ ಜೊತೆ ತಾಳೆ ನೋಡುತ್ತದೆ, ಬಿಡುವ ಮೊದಲು ಬರೆದದ್ದನ್ನು ಕಳಿಸುತ್ತದೆ. ಹಲವು ಮಷಿನ್‌ಗಳು ಒಂದೇ ಲಾಗ್ ಫೈಲಿನ ಕೊನೆಗೆ ಬರೆಯುವುದಂತೂ ಬೇಡವೇ ಬೇಡ. ಎನ್‌ಎಫ್‌ಎಸ್‌ನಲ್ಲಿ 'ಅಪೆಂಡ್' ಅಖಂಡವಾಗಿ ನಡೆಯುವುದಿಲ್ಲ, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರದು ಬೀಳಬಹುದು. ಮಷಿನ್‌ಗೊಂದು ಲಾಗ್ ಫೈಲ್ ಇಡಿ.

ಹಂತ 6: ಡೈರೆಕ್ಟರಿಯನ್ನು ಒಡೆದು ಜೋಡಿಸಿ

ಇದರ ಬಗ್ಗೆ ಮಾತಾಡುವವರು ಕಡಿಮೆ. ಫಲ ಮಾತ್ರ ಬಹಳ ಚೆನ್ನಾಗಿದೆ.

ಹೆಸರುಗಳ ಕ್ಯಾಶ್ ನಿಂತಿರುವುದು ಡೈರೆಕ್ಟರಿಯ ಬದಲಾವಣೆ ಗುರುತಿನ ಮೇಲೆ. ಇನ್ನೊಂದು ಕ್ಲೈಂಟ್ ಆ ಡೈರೆಕ್ಟರಿಯಲ್ಲಿ ಒಂದೇ ಒಂದು ಫೈಲ್ ಸೃಷ್ಟಿಸಿದರೂ, ಅಳಿಸಿದರೂ, ಡೈರೆಕ್ಟರಿ ಬದಲಾಯಿತು ಅಂತಲೇ ಲೆಕ್ಕ. ಆಗ ನಿಮ್ಮ ಕ್ಲೈಂಟ್‌ನಲ್ಲಿದ್ದ ಆ ಡೈರೆಕ್ಟರಿಯ ಪಟ್ಟಿ ಮತ್ತು ಎಲ್ಲ ಹೆಸರುಗಳು ಅನುಮಾನಕ್ಕೆ ಬೀಳುತ್ತವೆ. ಒಂದೊಂದನ್ನೂ ಮತ್ತೆ ಲುಕಪ್ ಕರೆಯಿಂದ ಖಚಿತಪಡಿಸಿಕೊಳ್ಳಬೇಕು.

ಈಗ ಒಂದು ಸಾಮಾನ್ಯ ಜೋಡಣೆ ನೋಡಿ. ಒಂದೇ ಡೈರೆಕ್ಟರಿಯಲ್ಲಿ 5,000 ಸ್ಥಿರವಾದ ಡೇಟಾ ಫೈಲುಗಳು. ಅದರ ಜೊತೆಗೇ ಲಾಕ್ ಫೈಲು, ತಾತ್ಕಾಲಿಕ ಫೈಲು, ಲಾಗ್. ಯಾರೋ ಪ್ರತಿ ಕೆಲವು ಸೆಕೆಂಡಿಗೆ ಒಂದು ತಾತ್ಕಾಲಿಕ ಫೈಲ್ ಮಾಡಿ ಅಳಿಸುತ್ತಿರುತ್ತಾರೆ. ಆ ಒಂದು ಫೈಲಿನಿಂದಾಗಿ 5,000 ಹೆಸರುಗಳ ಕ್ಯಾಶ್ ಪದೇ ಪದೇ ಕೈಗೆ ಬರದಂತಾಗುತ್ತದೆ. ಆಕ್ಟಿಮಿಯೋ ಎಷ್ಟು ಏರಿಸಿದರೂ ಹೇಳಿಕೊಳ್ಳುವ ಲಾಭ ಕಾಣದೆ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪರಿಹಾರ ಸರಳ: ಬದಲಾಗುವ ಫೈಲುಗಳಿಗೆ ಬೇರೆ ಸಬ್‌ಡೈರೆಕ್ಟರಿ ಮಾಡಿ. ಸ್ಥಿರವಾದವು ಸ್ಥಿರವಾಗಿಯೇ ಇರಲಿ. ರೀನೇಮ್ ಉಪಾಯಕ್ಕಾಗಿ ತಾತ್ಕಾಲಿಕ ಫೈಲ್ ಅದೇ ಡೈರೆಕ್ಟರಿಯಲ್ಲಿ ಇರಬೇಕು ಅಂದೆ, ಅದು ಅಪರೂಪಕ್ಕೆ ಬದಲಾಗುವ ಡೇಟಾಗೆ ಸರಿ. ಸದಾ ಹೊಸ ಫೈಲು ಬರುವ ಜಾಗವನ್ನು ಮಾತ್ರ ಪ್ರತ್ಯೇಕಿಸಿ.

ಲಕ್ಷಗಟ್ಟಲೆ ಫೈಲು ಇರುವ ಡೈರೆಕ್ಟರಿಯನ್ನೂ ಒಡೆಯಿರಿ. ಅಲ್ಲಿಯ ತನಕ ಒಂದು ಸಣ್ಣ ಉಪಾಯವಿದೆ. ರೀಡ್‌ಡಿರ್‌ಪ್ಲಸ್ ಕರೆ ಹೆಸರುಗಳ ಜೊತೆ ಅಟ್ರಿಬ್ಯೂಟುಗಳನ್ನೂ ಒಟ್ಟಿಗೆ ತರುತ್ತದೆ. ಗಾತ್ರ, ಸಮಯ ಬೇಕಾದಾಗ ಇದು ಸಾವಿರಾರು ಗೆಟ್‌ಅಟ್ರ್ ಕರೆ ಉಳಿಸುತ್ತದೆ. ಬರೀ ಹೆಸರು ಬೇಕಾದಾಗ ಇದು ಸರ್ವರ್‌ಗೆ ವ್ಯರ್ಥ ಹೊರೆ. ಲಿನಕ್ಸ್ ಕ್ಲೈಂಟ್ ಯಾವಾಗ ಯಾವುದು ಅಂತ ತಾನೇ ಅಂದಾಜು ಮಾಡುತ್ತದೆ. ಎಣಿಕೆಯಲ್ಲಿ ಅಂದಾಜು ತಪ್ಪಿರುವುದು ಖಚಿತವಾದರೆ ಮಾತ್ರ 'ನೋಆರ್‌ಡಿರ್‌ಪ್ಲಸ್' ಆಯ್ಕೆ ಹಾಕಿ.

ಹಂತ 7: ಡೆಲಿಗೇಶನ್ ಸಿಗುತ್ತಿದೆಯೇ ನೋಡಿ

4ನೇ ಆವೃತ್ತಿಯಲ್ಲಿ ಸರ್ವರ್ ಒಂದು ಫೈಲನ್ನು ಕ್ಲೈಂಟಿಗೆ 'ಡೆಲಿಗೇಟ್' ಮಾಡಬಹುದು. "ಬೇರೆಯವರು ಬರೆಯಲು ಬಂದರೆ ನಾನೇ ಹೇಳುತ್ತೇನೆ, ಅಲ್ಲಿಯ ತನಕ ಕೇಳಬೇಡ" ಅಂತ ಇದರ ಅರ್ಥ. ಆ ಫೈಲನ್ನು ಮತ್ತೆ ಮತ್ತೆ ತೆರೆದರೂ ಗೆಟ್‌ಅಟ್ರ್ ಹೋಗುವುದಿಲ್ಲ, ಆದರೂ ಮಾಹಿತಿ ಹಳೆಯದಾಗುವುದಿಲ್ಲ. ವೇಗವೂ ಸರಿತನವೂ ಒಟ್ಟಿಗೆ ಸಿಗುವ ಜಾಗ ಇದು, ಕೈಬಿಡಬೇಡಿ.

4.0ರಲ್ಲಿ ಸರ್ವರ್ ಕ್ಲೈಂಟಿಗೆ ಬೇರೆ ಸಂಪರ್ಕ ತೆರೆದು ಕರೆ ಮಾಡಬೇಕು. ನಡುವೆ ಫೈರ್‌ವಾಲ್ ಅಥವಾ ನ್ಯಾಟ್ ಇದ್ದರೆ ಅದು ಆಗುವುದಿಲ್ಲ, ಸರ್ವರ್ ಡೆಲಿಗೇಶನ್ ಕೊಡುವುದೇ ಇಲ್ಲ, ಯಾವ ದೋಷವೂ ಕಾಣುವುದಿಲ್ಲ. 4.1ರಿಂದ ಮುಂದೆ ಕ್ಲೈಂಟ್ ತೆರೆದ ಸಂಪರ್ಕದಲ್ಲೇ ವಾಪಸ್ ಕರೆ ಬರುತ್ತದೆ. ಹಾಗಾಗಿ ಮೌಂಟ್ ಮಾಡುವಾಗ 4.1 ಅಥವಾ 4.2 ಇರಲಿ. ಲಿನಕ್ಸ್ ಸರ್ವರ್ ಆದರೆ '/ಪ್ರಾಕ್/ಸಿಸ್/ಎಫ್‌ಎಸ್/ಲೀಸಸ್-ಎನೇಬಲ್' ಬೆಲೆ 1 ಇರಬೇಕು. ಸ್ವಲ್ಪ ಹೊಸ ಕರ್ನಲ್ ಇರುವ ಸರ್ವರ್‌ನಲ್ಲಿ '/ಪ್ರಾಕ್/ಎಫ್‌ಎಸ್/ಎನ್‌ಎಫ್‌ಎಸ್‌ಡಿ/ಕ್ಲೈಂಟ್ಸ್' ಒಳಗೆ ಪ್ರತಿ ಕ್ಲೈಂಟಿನ 'ಸ್ಟೇಟ್ಸ್' ಫೈಲಿನಲ್ಲಿ ಯಾವ ಡೆಲಿಗೇಶನ್ ಕೊಟ್ಟಿದೆ ಅಂತ ನೇರವಾಗಿ ಓದಬಹುದು.

4ನೇ ಆವೃತ್ತಿಗೆ ಬರಲು ಇನ್ನೊಂದು ಕಾರಣವೂ ಇದೆ. 3ನೇ ಆವೃತ್ತಿ ಬದಲಾವಣೆಯನ್ನು ಫೈಲಿನ ಸಮಯ ನೋಡಿ ತಿಳಿಯುತ್ತದೆ. ಸರ್ವರ್‌ನ ಡಿಸ್ಕ್ ಫೈಲ್ ಸಿಸ್ಟಂ ಸಮಯವನ್ನು ದಪ್ಪದಪ್ಪವಾಗಿ ಇಟ್ಟರೆ, ಉದಾಹರಣೆಗೆ ಇಎಕ್ಸ್‌ಟಿ3 ಸೆಕೆಂಡ್ ಲೆಕ್ಕದಲ್ಲಿ ಇಡುವಂತೆ, ಒಂದೇ ಸೆಕೆಂಡಿನ ಎರಡು ಬದಲಾವಣೆಗಳಲ್ಲಿ ಎರಡನೆಯದು ತಪ್ಪಿಹೋಗಬಹುದು. 4ರಲ್ಲಿ ಇದಕ್ಕೆಂದೇ ಬದಲಾವಣೆ ಸಂಖ್ಯೆ ಇದೆ.

ಉಳಿದ ಎರಡು ಸಣ್ಣ ವಿಷಯಗಳು

ಮೆಮೊರಿ ಕಡಿಮೆ ಇದ್ದರೆ ಅವಧಿ ಮುಗಿಯುವ ಮೊದಲೇ ಕರ್ನಲ್ ಕ್ಯಾಶನ್ನು ಹೊರಹಾಕುತ್ತದೆ. 'ಸ್ಲ್ಯಾಬ್‌ಟಾಪ್' ಕಮಾಂಡ್‌ನಲ್ಲಿ ಡೆಂಟ್ರಿ (ಹೆಸರುಗಳ ಕ್ಯಾಶ್) ಮತ್ತು ಎನ್‌ಎಫ್‌ಎಸ್ ಐನೋಡ್ ಸಾಲುಗಳನ್ನು ನೋಡಿ. 'ವಿಎಫ್‌ಎಸ್_ಕ್ಯಾಶ್_ಪ್ರೆಶರ್' ಡೀಫಾಲ್ಟ್ 100. ಅದನ್ನು 50ಕ್ಕೆ ಇಳಿಸಿದರೆ ಮೆಟಾಡೇಟಾ ಜಾಸ್ತಿ ಹೊತ್ತು ಉಳಿಯುತ್ತದೆ. 0 ಮಾಡಬೇಡಿ, ಮೆಮೊರಿ ಪೂರ್ತಿ ಮುಗಿದುಹೋಗಬಹುದು.

ಬಳಕೆದಾರನನ್ನು ಸರ್ವರ್‌ನಲ್ಲಿ ಹೊಸ ಗ್ರೂಪಿಗೆ ಸೇರಿಸಿದರೂ "ಅನುಮತಿ ಇಲ್ಲ" ಅಂತಲೇ ಬರುತ್ತಿದ್ದರೆ ಅನುಮತಿಯ ಕ್ಯಾಶ್ ನೆನಪಿಸಿಕೊಳ್ಳಿ. ಫೈಲಿನ ಮೋಡ್ ಬದಲಾಯಿಸಿದರೆ ಅದರ ಬದಲಾವಣೆ ಸಮಯವೂ ಬದಲಾಗಿ ಕ್ಲೈಂಟಿಗೆ ಗೊತ್ತಾಗುತ್ತದೆ. ಗ್ರೂಪ್ ಸದಸ್ಯತ್ವ ಬದಲಾದರೆ ಫೈಲಿನಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಹಳೆಯ ಉತ್ತರವೇ ಉಳಿಯಬಹುದು. ಇಂಥ ಕಡೆ ಹಂತ 3ರಲ್ಲಿ ಹೇಳಿದಂತೆ ಐನೋಡ್ ಕ್ಯಾಶ್ ಒಮ್ಮೆ ಖಾಲಿ ಮಾಡುವುದು ಸರಿಯಾದ ಬಳಕೆ.

ಎನ್‌ಎಫ್‌ಎಸ್ ಅಲ್ಲದಿದ್ದರೆ

ಪ್ರಯೋಗ, ಎಣಿಕೆ, ಗುಂಪು ಮಾಡುವುದು ಎಲ್ಲ ಕಡೆ ಅದೇ. ಸೆಟ್ಟಿಂಗ್‌ಗಳು ಮಾತ್ರ ಬೇರೆ. ಲಿನಕ್ಸಿನ ಎಸ್‌ಎಂಬಿ (ವಿಂಡೋಸ್ ಬಳಸುವ ಫೈಲ್ ಹಂಚಿಕೆ ವಿಧಾನ) ಕ್ಲೈಂಟಿನಲ್ಲೂ ಆಕ್ಟಿಮಿಯೋ ಇದೆ, ಡೀಫಾಲ್ಟ್ 1 ಸೆಕೆಂಡ್. ವಿಂಡೋಸ್ ಎಸ್‌ಎಂಬಿ ಕ್ಲೈಂಟ್ ಡೈರೆಕ್ಟರಿ ಮತ್ತು ಫೈಲ್ ಮಾಹಿತಿಯನ್ನು 10 ಸೆಕೆಂಡ್, "ಫೈಲ್ ಇಲ್ಲ" ಅನ್ನುವುದನ್ನು 5 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಗ್ಲಸ್ಟರ್‌ನಲ್ಲಿ ಎಂಡಿ-ಕ್ಯಾಶ್ (ಮೆಟಾಡೇಟಾ ಕ್ಯಾಶ್) ಅವಧಿ ಡೀಫಾಲ್ಟ್ 1 ಸೆಕೆಂಡ್. ಅದನ್ನು 600ಕ್ಕೆ ಏರಿಸಬಹುದು, ಆದರೆ ಜೊತೆಗೆ ಕ್ಯಾಶ್ ಇನ್‌ವ್ಯಾಲಿಡೇಶನ್ ಸೌಲಭ್ಯವನ್ನೂ ಆನ್ ಮಾಡಬೇಕು. ಆಗ ಬದಲಾವಣೆ ಆದಾಗ ಸರ್ವರ್ ಕಡೆಯಿಂದಲೇ ಸುದ್ದಿ ಬರುತ್ತದೆ. ಸೆಫ್‌ಎಫ್‌ಎಸ್ ಮತ್ತು ಲಸ್ಟರ್‌ನಲ್ಲಿ ಗಡಿಯಾರದ ಲೆಕ್ಕವೇ ಇಲ್ಲ. ಮೆಟಾಡೇಟಾ ಸರ್ವರ್ ಸೆಫ್‌ನಲ್ಲಿ 'ಕೇಪಬಿಲಿಟಿ', ಲಸ್ಟರ್‌ನಲ್ಲಿ ಲಾಕ್ ಕೊಟ್ಟು, ಬೇಕಾದಾಗ ವಾಪಸ್ ಪಡೆಯುತ್ತದೆ. ಅಲ್ಲಿ ಹಳೆಯ ಮಾಹಿತಿಯ ಬದಲು ಬೇರೆ ತೊಂದರೆ ಬರುತ್ತದೆ: ಒಂದು ಕ್ಲೈಂಟ್ ಲಕ್ಷಗಟ್ಟಲೆ ಕೇಪಬಿಲಿಟಿ ಹಿಡಿದು ಕೂತರೆ ಸರ್ವರ್‌ನ ಮೆಮೊರಿ ತುಂಬುತ್ತದೆ, ಎಲ್ಲರಿಗೂ ನಿಧಾನವಾಗುತ್ತದೆ. ಹಾಗಾಗಿ ಇಡೀ ಮರವನ್ನು ಜಾಲಾಡುವ ಬ್ಯಾಕಪ್, ಇಂಡೆಕ್ಸ್ ಥರದ ಕೆಲಸಗಳನ್ನು ಒಂದು ಪ್ರತ್ಯೇಕ ಕ್ಲೈಂಟ್‌ನಲ್ಲಿ ಓಡಿಸಿ, ಅದು ಹಿಡಿದಿರುವ ಕೇಪಬಿಲಿಟಿಗಳ ಎಣಿಕೆಯ ಮೇಲೆ ಕಣ್ಣಿಡಿ.